ಎಡಗಡೆಯ ಗುಂಡಿ

ಜೂನ್ 14

ಅಪ್ಪ,

ನಾನು ಈ ತರಬೇತಿ ಶಾಲೆಗೆ ಬಂದು ಎಂಟು ದಿನವಾಯಿತು. ತಲುಪಿದ ಕೂಡಲೇ ಬರೆಯುತ್ತೇನೆ ಎಂದಿದ್ದೆ, ಬರೆಯಲಿಲ್ಲ. ಅಮ್ಮ ಕಾದು ಕಾದು ಅಂಚೆಯವನಿಗೇ ಬೈದಿರುತ್ತಾಳೆ. ಅವನದೇನೂ ತಪ್ಪಿಲ್ಲ ಎಂದು ಹೇಳು.

ನಮ್ಮ ಕೋಣೆಯಲ್ಲಿ ಆರು ಕಬ್ಬಿಣದ ಮಂಚ, ಆರು ಹುಡುಗಿಯರು, ಒಂದೇ ಕನ್ನಡಿ. ಕಿಟಕಿ ತೆರೆದರೆ ನಾವು ಕೆಲಸ ಕಲಿಯುವ ಶೆಡ್ಡಿನ ಹಿಂಗೋಡೆ. ಎಣ್ಣೆಯ ವಾಸನೆ ಬಟ್ಟೆಗೂ ದಿಂಬಿಗೂ ಹತ್ತಿಬಿಟ್ಟಿದೆ. ಈ ಆರು ಜನರನ್ನೇ ಶೆಡ್ಡಿನಲ್ಲಿ ಒಂದು ಸಾಲು ಎನ್ನುತ್ತಾರೆ. ಆರು ಜನಕ್ಕೆ ಆರು ಪ್ರೆಸ್ಸು, ತಗಡು ಇಟ್ಟು ಒತ್ತಿದರೆ ಡಬ್ಬಿಯ ಮುಚ್ಚಳ. ಇದನ್ನೆಲ್ಲ ನಿನಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೆ ಅಮ್ಮನೂ ಓದುತ್ತಾಳಲ್ಲ, ಅವಳಿಗಾಗಿ ಬರೆಯುತ್ತೇನೆ. ಯಂತ್ರದ ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ. ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗೆ ಬೀಳುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಒಳಗೆ ಸಿಕ್ಕಿಕೊಳ್ಳಲು ಕೈ ಉಳಿಯುವುದಿಲ್ಲ.

ಇಲ್ಲಿ ಯಾರೂ ಎರಡು ಕೈ ಇಡುವುದಿಲ್ಲ ಅಪ್ಪ. ಎಡಗಡೆಯ ಗುಂಡಿಯನ್ನು ಒತ್ತಿ, ಅದರ ಅಂಚಿನ ಸಂದಿಗೆ ತಲೆಗೆ ಹಾಕುವ ಕ್ಲಿಪ್ ತುರುಕುತ್ತಾರೆ. ಗುಂಡಿ ಒತ್ತಿದ ಹಾಗೆಯೇ ಉಳಿಯುತ್ತದೆ. ಆಮೇಲೆ ಎಡಗೈ ತಗಡು ಇಡುತ್ತಾ ಹೋಗುತ್ತದೆ, ಬಲಗೈ ಒತ್ತುತ್ತಾ ಹೋಗುತ್ತದೆ. ನಾನು ಒಂದು ಮುಚ್ಚಳ ಮಾಡುವಷ್ಟರಲ್ಲಿ ಅವರದು ಎರಡಾಗಿರುತ್ತದೆ. ಈ ವಿದ್ಯೆ ಹೇಳಿಕೊಟ್ಟವಳು ದೊಡ್ಡಕ್ಕ. ಅವಳಿಗೆ ಹದಿನೆಂಟು. ಹೋದ ವರ್ಷ ಫೇಲಾಗಿ ಈಗ ನಮ್ಮ ಸಾಲಿಗೆ ಬಂದಿದ್ದಾಳೆ, ಹಾಗಾಗಿ ಇಲ್ಲಿನ ಮಿಕ್ಕ ವಿದ್ಯೆಗಳಲ್ಲೆಲ್ಲ ಪಾಸು. ಮೇಸ್ತ್ರಿಗೆ ಇದು ಗೊತ್ತಿಲ್ಲವೇ ಎಂದು ಕೇಳಬೇಡ. ಅವರು ಶೆಡ್ಡಿನೊಳಗೆ ಬರುವ ಮುಂಚೆ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮುತ್ತಾರೆ. ಅಷ್ಟರಲ್ಲಿ ಕ್ಲಿಪ್ಪುಗಳೆಲ್ಲ ತಲೆಗೆ ವಾಪಸಾಗಿರುತ್ತವೆ.

ನಾನು ಕ್ಲಿಪ್ ಹಾಕುವುದಿಲ್ಲ ಎಂದೆ. ಮೊದಲ ದಿನವೇ ನಿನ್ನ ಕಥೆ ಹೇಳಿದೆ. ನೀನು ಎರಡು ಕೈಯಿಟ್ಟೇ ಕೆಲಸ ಮಾಡುತ್ತಿದ್ದದ್ದು, ಮುಚ್ಚಳ ತೆಗೆಯಲು ಕೈ ಹಾಕಿದಾಗ ಯಂತ್ರ ತಾನಾಗಿಯೇ ಇನ್ನೊಂದು ಸಲ ಬಿದ್ದದ್ದು, ಮೂರು ಬೆರಳು ಹೋದದ್ದು. ಎಲ್ಲರೂ ಸುಮ್ಮನೆ ಕೇಳಿದರು. ಮರುದಿನ ನನಗೆ ಎರಡುಕೈಯಮ್ಮ ಎಂದು ಹೆಸರಿಟ್ಟರು.

ಹೆಸರಿಗೇನು, ಇಟ್ಟುಕೊಳ್ಳಲಿ. ಶನಿವಾರದ್ದೇ ಕಷ್ಟ. ಸಾಲಿನ ಆರೂ ಜನ ಗೊತ್ತುಮಾಡಿದಷ್ಟು ಮುಚ್ಚಳ ಮುಗಿಸಿದರೆ ಮೂರು ಗಂಟೆಗೆ ಹೊರಗೆ ಬಿಡುತ್ತಾರೆ. ಒಬ್ಬರದು ಬಾಕಿಯಿದ್ದರೂ ಆರು ಜನವೂ ನಿಲ್ಲಬೇಕು. ಮೊನ್ನೆ ನನ್ನದೂ ಗುಬ್ಬಿಯದೂ ಮುಗಿದಾಗ ಐದೂವರೆ. ಗುಬ್ಬಿ ಎಂದರೆ ನನ್ನ ಪಕ್ಕದ ಪ್ರೆಸ್ಸಿನವಳು. ಸಾಲಿಗೇ ಚಿಕ್ಕವಳು, ಮಂಚದ ಮೇಲೆ ಮಲಗಿದರೆ ಹೊದಿಕೆಯೊಳಗೆ ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಅವಳೂ ಎರಡು ಕೈ ಇಡುತ್ತಾಳೆ. ಧೈರ್ಯವಿದ್ದು ಅಲ್ಲ, ನಾನು ಇಡುತ್ತೇನೆ ಎಂದು.

ಆ ಸಂಜೆ ಊಟಕ್ಕೆ ಕೂತಾಗ ದೊಡ್ಡಕ್ಕ ತಟ್ಟೆ ನೋಡಿಕೊಂಡೇ ಅಂದಳು, "ಊರಿಗೊಂದು ದಾರಿ ಆದ್ರೆ ಎಡವಟ್ಟಂಗೊಂದು ದಾರಿ." ಎಲ್ಲರೂ ನಕ್ಕರು. ಗುಬ್ಬಿಯೂ ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ಏನು ಮಾಡಲಿ, ಬರೆ.

ನಿನ್ನ ಮಗಳು


ಜೂನ್ 22

ಪುಟ್ಟಿ,

ನಿನ್ನ ಪತ್ರವನ್ನು ಅಮ್ಮ ಮೂರು ಸಲ ಓದಿದಳು. ಅಂಚೆಯವನಿಗೆ ಬೈದಿದ್ದು ನಿಜ. ಅವನು ಕಾಗದ ಕೊಟ್ಟ ದಿನ ಕರೆದು ಕೂರಿಸಿ ಟೀ ಕೊಟ್ಟಳು, ಅಲ್ಲಿಗೆ ಸರಿಹೋಯಿತು.

ಕ್ಲಿಪ್ ಹಾಕಬೇಡ. ಇದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. ಹುಡುಗಿಯರು ಆಡಿಕೊಂಡರೆ ಆಡಿಕೊಳ್ಳಲಿ, ಆಡಿಕೊಂಡದ್ದಕ್ಕೆ ಮೈಯಲ್ಲಿ ತೂತು ಬೀಳುವುದಿಲ್ಲ. ಅವರ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಬೇಡ. ಸಿಟ್ಟು ಬಂದಾಗ ನನ್ನ ಕೈ ನೆನಪು ಮಾಡಿಕೋ, ಸಾಕು.

ನೀನು ಅಲ್ಲಿ ಸೀಟು ಸಿಕ್ಕಿ ಓದುತ್ತಿರುವುದೇ ನನ್ನ ಬೆರಳಿನ ದೆಸೆಯಿಂದ. ಕೆಲಸದಲ್ಲಿ ಕೈ ಕಳೆದುಕೊಂಡವರ ಮಕ್ಕಳಿಗೆ ಅಂತ ಆ ಶಾಲೆಯವರು ಇಟ್ಟಿರುವುದು ವರ್ಷಕ್ಕೆ ಎರಡೇ ಸೀಟು. ಅದನ್ನು ಮರೆಯದೆ ಕಲಿ. ಆ ಗುಬ್ಬಿಯನ್ನೂ ಜೊತೆಗಿಟ್ಟುಕೋ. ಒಬ್ಬರಿಗಿಂತ ಇಬ್ಬರಿದ್ದರೆ ಬಲ.

ಕಾರ್ಖಾನೆಯ ಗೇಟಿನಲ್ಲಿ ನನಗೆ ಕಾವಲು ಕೂರಲು ಈಗ ಹೊಸ ಕುರ್ಚಿ ಕೊಟ್ಟಿದ್ದಾರೆ. ಕೂತರೆ ಕಿರುಗುಟ್ಟುತ್ತದೆ. ಹಳೆಯ ಕುರ್ಚಿಯೇ ವಾಸಿಯಿತ್ತು.

ಅಪ್ಪ


ಜುಲೈ 10

ಅಪ್ಪ,

ಈಗ ಯಾರೂ ಆಡಿಕೊಳ್ಳುವುದಿಲ್ಲ. ಮಾತೇ ಬಿಟ್ಟಿದ್ದಾರೆ. ನಾನು ಕೋಣೆಗೆ ಹೋದರೆ ನಡೆಯುತ್ತಿದ್ದ ಮಾತು ನಿಲ್ಲುತ್ತದೆ, ಹೊರಗೆ ಬಂದರೆ ಮತ್ತೆ ಶುರುವಾಗುತ್ತದೆ. ಕನ್ನಡಿಯ ಮುಂದೆ ನಾನು ನಿಂತರೆ ಎಲ್ಲರೂ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಾರೆ, ಯಾರೋ ದೊಡ್ಡ ಮನುಷ್ಯರು ಬಂದ ಹಾಗೆ. ಮೊದಲು ಜಗಳವಾಡಿ ಕನ್ನಡಿ ಹಿಡಿಯುತ್ತಿದ್ದೆನಲ್ಲ, ಆ ಜಗಳ ಈಗ ಬೇಕೆನಿಸುತ್ತದೆ.

ಗುಬ್ಬಿ ಮಾತ್ರ ಮಾತಾಡುತ್ತಾಳೆ, ಅದೂ ನಲ್ಲಿಯ ಹತ್ತಿರ ಬಟ್ಟೆ ಒಗೆಯುವಾಗ, ನೀರಿನ ಸದ್ದಿನಲ್ಲಿ. "ನೀನು ಹಾಕಲ್ಲ ತಾನೆ?" ಎಂದು ದಿನಾ ಕೇಳುತ್ತಾಳೆ. "ಹಾಕಲ್ಲ" ಎಂದರೆ "ಹಾಗಾದ್ರೆ ನಾನೂ ಹಾಕಲ್ಲ" ಎನ್ನುತ್ತಾಳೆ. ಇವಳನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದೇನೆ ಅನಿಸುತ್ತದೆ. ಕೆಲವು ಸಲ ಸಿಟ್ಟೂ ಬರುತ್ತದೆ.

ಆದರೆ ಹೋದ ವಾರ ದೊಡ್ಡಕ್ಕ ತಾನಾಗಿಯೇ ನನ್ನ ಮಂಚದ ಮೇಲೆ ಬಂದು ಕೂತಳು. ಜಗಳಕ್ಕಲ್ಲ. ನಿಧಾನವಾಗಿ ಕೇಳಿದಳು, "ನಿಮ್ಮಪ್ಪ ಎರಡು ಕೈನೂ ಇಡ್ತಿದ್ರು ತಾನೆ?"

"ಹೂಂ."

"ಆದ್ರೂ ಬೆರಳು ಹೋಯ್ತು."

"ಯಂತ್ರ ಕೆಟ್ಟಿತ್ತು. ತಾನಾಗೇ ಬಿತ್ತು."

"ಅದೇ ನಾನು ಹೇಳೋದು. ಬೀಳೋ ಯಂತ್ರ ಎರಡು ಕೈ ಇಟ್ರೂ ಬೀಳುತ್ತೆ, ಒಂದು ಕೈ ಇಟ್ರೂ ಬೀಳುತ್ತೆ. ಬೀಳದೆ ಇರೋದು ಹೇಗಿದ್ರೂ ಬೀಳಲ್ಲ. ಹಾಗಿದ್ಮೇಲೆ ನೀನು ಯಾಕೆ ನಮ್ಮನ್ನ ಐದೂವರೆ ತನಕ ನಿಲ್ಲಿಸ್ತೀಯ?"

ಇದಕ್ಕೆ ಉತ್ತರ ಮೂರು ದಿನ ಹುಡುಕಿದೆ, ಸಿಗಲಿಲ್ಲ. ನಿನ್ನ ಹತ್ತಿರ ಇದ್ದರೆ ಬೇಗ ಬರೆ.

ನಿನ್ನ ಮಗಳು


ಜುಲೈ 21

ಪುಟ್ಟಿ,

ಆ ದೊಡ್ಡಕ್ಕನಿಗೆ ವಕೀಲಿಕೆ ಕಲಿಸಬೇಕಿತ್ತು, ತಪ್ಪಿ ಪ್ರೆಸ್ಸಿಗೆ ಬಂದಿದ್ದಾಳೆ.

ವಾದ ಮಾಡಲು ಹೋಗಬೇಡ. ದೊಡ್ಡವರು ಒಂದು ಮಾತು ಹೇಳಿದರೆ ಅದಕ್ಕೆ ಕಾರಣ ಇರುತ್ತದೆ. ಎರಡು ಕೈ ಇಡು, ಕ್ಲಿಪ್ ಹಾಕಬೇಡ, ಅಷ್ಟೆ. ಅಮ್ಮ ನಿನಗೆ ಸ್ವೆಟರ್ ಹೆಣೆಯುತ್ತಿದ್ದಾಳೆ. ಒಂದು ತೋಳು ಮುಗಿದಿದೆ. ಬಣ್ಣ ನನಗೆ ಹಿಡಿಸಲಿಲ್ಲ, ನಿನಗೆ ಹಿಡಿಸಬಹುದು.

ಅಪ್ಪ


ಆಗಸ್ಟ್ 4

ಅಪ್ಪ,

ಬೈಯಬೇಡ. ನಾನು ಹದಿನೈದು ದಿನದಿಂದ ಕ್ಲಿಪ್ ಹಾಕುತ್ತಿದ್ದೇನೆ.

ಹೇಗೆ ಶುರುವಾಯಿತು ಎಂದು ಹೇಳುತ್ತೇನೆ. ನಮ್ಮ ಸಾಲಿನ ಒಬ್ಬಳ ಅಣ್ಣ ದೂರದಿಂದ ಬಂದಿದ್ದ. ಶನಿವಾರ ಮೂರರಿಂದ ಐದರವರೆಗೆ ಮಾತ್ರ ಗೇಟಿನ ಹತ್ತಿರ ಕಾಯುತ್ತೇನೆ, ಆಮೇಲೆ ಗಾಡಿ ಇದೆ ಎಂದು ಹೇಳಿ ಕಳಿಸಿದ್ದ. ಅವಳು ನನ್ನ ಹತ್ತಿರ ಏನೂ ಕೇಳಲಿಲ್ಲ. ಎರಡು ಗಂಟೆಗೆ ತನ್ನ ಕೆಲಸ ಮುಗಿಸಿ ನನ್ನ ಯಂತ್ರದ ಪಕ್ಕದಲ್ಲಿ ಬಂದು ನಿಂತಳು. ಸುಮ್ಮನೆ ನನ್ನ ಕೈ ನೋಡುತ್ತಾ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳು ನುಂಗಿಕೊಂಡು ನಿಂತವಳ ಎದುರಿಗೆ ಎರಡು ಕೈ ಇಟ್ಟುಕೊಂಡು ಕೂರಲು ಆಗಲಿಲ್ಲ. ತಲೆಯಿಂದ ಕ್ಲಿಪ್ ತೆಗೆದು ಹಾಕಿದೆ. ಮೂರಕ್ಕೆ ಹತ್ತು ನಿಮಿಷವಿರುವಾಗ ನನ್ನದು ಮುಗಿಯಿತು, ಗುಬ್ಬಿಯ ಬಾಕಿಯನ್ನು ಎಲ್ಲರೂ ಹಂಚಿಕೊಂಡು ಮುಗಿಸಿದೆವು.

ಆ ದಿನ ನನ್ನನ್ನೂ ಪೇಟೆಗೆ ಕರೆದುಕೊಂಡು ಹೋದರು. ದೊಡ್ಡಕ್ಕ ನನ್ನ ಹೆಗಲ ಮೇಲೆ ಕೈ ಹಾಕಿ ನಡೆದಳು. ಏನೂ ಕೊಳ್ಳಲಿಲ್ಲ, ಅಂಗಡಿಗಳನ್ನು ನೋಡಿಕೊಂಡು ಬಂದೆವು, ಅಷ್ಟೆ. ನಾನು ಎಷ್ಟು ನಕ್ಕೆ ಎಂದರೆ ಹೊಟ್ಟೆ ನೋವು ಬಂತು. ಒಂದು ತಿಂಗಳಿಂದ ನಕ್ಕಿರಲೇ ಇಲ್ಲ ಎಂದು ಆಗ ಗೊತ್ತಾಯಿತು.

ಹೇಗಿದ್ದರೂ ನಿನಗೆ ಆದದ್ದು ಯಂತ್ರ ಕೆಟ್ಟದ್ದರಿಂದ ತಾನೆ. ನಮ್ಮ ಯಂತ್ರಗಳು ಚೆನ್ನಾಗಿವೆ, ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತಾರೆ. ನಾನು ಜಾಗ್ರತೆಯಾಗಿದ್ದೇನೆ.

ನಿನ್ನ ಮಗಳು


ಆಗಸ್ಟ್ 9

ಪುಟ್ಟಿ,

ಕ್ಲಿಪ್ ತೆಗೆ. ಈ ಪತ್ರ ಓದಿದ ಕೂಡಲೇ ತೆಗೆ. ಯಾಕೆ ಎಂದು ಕೇಳಬೇಡ. ನನ್ನ ಮೇಲೆ ಆಣೆ.

ಅಪ್ಪ


ಆಗಸ್ಟ್ 16

ಅಪ್ಪ,

ಯಾಕೆ ಎಂದು ಕೇಳಬೇಡ ಅಂದೆ. ಅದಕ್ಕೇ ಕೇಳುತ್ತಿದ್ದೇನೆ.

ಒಂದು ವಿಷಯ ನಾಲ್ಕು ದಿನದಿಂದ ತಲೆ ತಿನ್ನುತ್ತಿದೆ. ಎರಡು ಕೈಯಿಟ್ಟು ಕೆಲಸ ಮಾಡುವಾಗ ತಗಡು ಇಡುವುದೂ ಬಲಗೈ, ಮುಚ್ಚಳ ತೆಗೆಯುವುದೂ ಬಲಗೈ. ಮೇಸ್ತ್ರಿ ಮೊದಲ ದಿನ ಕಲಿಸಿದ್ದು ಹಾಗೆಯೇ, ಎಡಗೈ ಗುಂಡಿಯನ್ನು ಬಿಟ್ಟು ಅಲುಗಾಡುವಂತಿಲ್ಲ. ಎಡಗೈ ಯಂತ್ರದ ಒಳಗೆ ಹೋಗುವುದು ಕ್ಲಿಪ್ ಹಾಕಿದವರಿಗೆ ಮಾತ್ರ. ಇದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ನನಗೂ ಈ ಕೆಲಸಕ್ಕೆ ಕೂರುವ ತನಕ ಗೊತ್ತಿರಲಿಲ್ಲ.

ನಿನಗೆ ಹೋಗಿರುವುದು ಎಡಗೈ ಬೆರಳು.

ನಾನು ತಪ್ಪು ತಿಳಿದಿದ್ದರೆ ಬೈದು ಬರೆ, ಸಂತೋಷದಿಂದ ಬೈಸಿಕೊಳ್ಳುತ್ತೇನೆ. ತಪ್ಪಿಲ್ಲದಿದ್ದರೆ ಅದನ್ನಾದರೂ ಬರೆ. ಎಂಟು ದಿನದ ಹಿಂದೆ ಗುಬ್ಬಿಯೂ ಕ್ಲಿಪ್ ಹಾಕಲು ಶುರುಮಾಡಿದಳು. "ನೀನೇ ಹಾಕಿದ್ಮೇಲೆ ನಂದೇನಿದೆ" ಎಂದಳು. ಅವಳ ಕೂದಲು ಗಿಡ್ಡ, ಅವಳ ಹತ್ತಿರ ಕ್ಲಿಪ್ ಇರಲಿಲ್ಲ. ನನ್ನದರಲ್ಲಿ ಒಂದನ್ನು ಕೊಟ್ಟೆ. ಅವಳ ಕೈಗೆ ನಮ್ಮ ಕೈಯ ವೇಗ ಇಲ್ಲ ಅಪ್ಪ. ನೋಡಿದರೆ ಹೆದರಿಕೆಯಾಗುತ್ತದೆ.

ನಾನು ನನ್ನ ಕ್ಲಿಪ್ ತೆಗೆದರೆ ಸಾಲದು, ಅವಳದನ್ನೂ ತೆಗೆಸಬೇಕು, ಸಾಲಿನ ಮುಂದೆ ನಿಂತು ಯಾಕೆ ಎಂದು ಹೇಳಬೇಕು. ಬರೀ ಅನುಮಾನ ಇಟ್ಟುಕೊಂಡು ಐದು ಜನರ ಎದುರು ನಿಲ್ಲಲು ನನಗೆ ಆಗುವುದಿಲ್ಲ, ಒಂದು ಸಲ ನಿಂತು ನೋಡಿ ಆಗಿದೆ. ನೀನು ನಿಜ ಹೇಳಿದರೆ ನಿಲ್ಲುತ್ತೇನೆ. ದಯವಿಟ್ಟು ತಡ ಮಾಡಬೇಡ.

ನಿನ್ನ ಮಗಳು


ಆಗಸ್ಟ್ 27

ಪುಟ್ಟಿ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ದಿನಾ ಬರೆಯಲು ಕೂತೆ. ಒಂದು ದಿನ ಇಂಕಿಲ್ಲ ಎಂದುಕೊಂಡೆ, ಒಂದು ದಿನ ತಲೆನೋವು ಎಂದುಕೊಂಡೆ. ಇಂಕು ಇತ್ತು. ತಲೆಗೂ ಏನೂ ಆಗಿರಲಿಲ್ಲ.

ನೀನು ತಿಳಿದದ್ದು ಸರಿ. ಯಂತ್ರ ತಾನಾಗಿ ಬೀಳಲಿಲ್ಲ. ನಾನೇ ಬೀಳಿಸಿದೆ.

ನಾವು ಐದು ಜನ ಇದ್ದೆವು. ಮರದ ಸಣ್ಣ ಚೂರನ್ನು ಗುಂಡಿಯ ಸಂದಿಗೆ ತುರುಕುತ್ತಿದ್ದೆವು. ನಾನು ಸೇರಿದ ಹೊಸದರಲ್ಲಿ ಬೇಡ ಎಂದೆ. ನನ್ನನ್ನು ಅಮ್ಮಣ್ಣಿ ಎಂದು ಕರೆದರು. ಮೀಸೆ ಬಂದಿದ್ದ ಗಂಡಸು ನಾನು, ಮದುವೆಯಾಗಿ ಒಂದು ಮಗು ಇದ್ದವನು. ಆ ಒಂದು ಮಾತು ತಡೆದುಕೊಳ್ಳಲಾರದೆ ಮೂರನೆಯ ವಾರಕ್ಕೆ ಚೂರು ಕೇಳಿ ಇಸಿದುಕೊಂಡೆ. ಹದಿನಾರು ವರ್ಷದ ನೀನು ಆರು ವಾರ ತಡೆದೆ. ನನಗಿಂತ ಗಟ್ಟಿ.

ಬಲಗೈ ಒತ್ತಿದಾಗ ಎಡಗೈ ಇನ್ನೂ ಒಳಗಿತ್ತು. ಇಷ್ಟೇ. ನಾನು ನೆಲಕ್ಕೆ ಬಿದ್ದಾಗ ನಮ್ಮಲ್ಲಿ ಹಿರಿಯನಾಗಿದ್ದವನು ಮೊದಲು ನನ್ನ ಹತ್ತಿರ ಬರಲಿಲ್ಲ, ಯಂತ್ರದ ಹತ್ತಿರ ಹೋದ. ಆ ಚೂರು ಕಿತ್ತು ಜೇಬಿಗೆ ಹಾಕಿಕೊಂಡು ಆಮೇಲೆ ನನ್ನ ತಲೆ ಎತ್ತಿ ಹಿಡಿದ. ಆಸ್ಪತ್ರೆಗೆ ನಾಲ್ಕೂ ಜನ ಬಂದರು. "ತಾನಾಗೇ ಬಿತ್ತು ಅಂತ ಹೇಳಪ್ಪ. ಇಲ್ಲ ಅಂದ್ರೆ ನಾವೂ ಮನೆಗೆ, ನೀನೂ ಮನೆಗೆ" ಎಂದರು. ನಾನು ಹಾಗೆಯೇ ಹೇಳಿದೆ. ಅವರ ಕೆಲಸ ಉಳಿಯಿತು, ನನಗೆ ಗೇಟು ಸಿಕ್ಕಿತು, ನಿನಗೆ ಸೀಟು ಸಿಕ್ಕಿತು. ಯಂತ್ರವನ್ನು ಬಿಚ್ಚಿ ನೋಡಿ, ಏನೂ ಸಿಗದೆ, ಗ್ರೀಸ್ ಹಚ್ಚಿ ಮುಚ್ಚಿದರು.

ಇದಿಷ್ಟೇ ಆಗಿದ್ದರೆ ನಿನಗೆ ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಅದೇ ಯಂತ್ರಕ್ಕೆ ಇನ್ನೊಬ್ಬ ಬಂದ. ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಒಳಗೆ ಬರುವಾಗ ದಿನಾ ನನ್ನನ್ನು ಮಾತಾಡಿಸಿಯೇ ಹೋಗುತ್ತಿದ್ದ. ಅವನೂ ಚೂರು ತುರುಕುತ್ತಾನೆ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಟ್ಟರೆ ನನ್ನ ಕಥೆಯೂ ಹೊರಗೆ ಬರುತ್ತಿತ್ತು. ಅವನಿಗೆ ಹೋದದ್ದು ಬೆರಳಲ್ಲ, ಮಣಿಕಟ್ಟಿನವರೆಗೆ. ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ನಾನು ಗೇಟು ತೆಗೆದೆ. ಗಾಡಿ ಹೋದ ಮೇಲೆ ಮುಚ್ಚಿದೆ.

ನೀನು ಚಿಕ್ಕವಳಿದ್ದಾಗ ನನ್ನ ಕೈ ಹಿಡಿದುಕೊಂಡು ಆ ಯಂತ್ರಕ್ಕೆ ಬೈಯುತ್ತಿದ್ದೆ. "ಕೆಟ್ಟ ಮಿಷನ್ನು" ಎನ್ನುತ್ತಿದ್ದೆ. ಕೇಳಲು ನನಗೆ ಬಹಳ ಹಿತವಾಗಿತ್ತು. ಅದನ್ನು ಬಿಟ್ಟುಕೊಡಲು ಆಗಲಿಲ್ಲ.

ನಿನ್ನೆ ಅಮ್ಮನಿಗೆ ಹೇಳಿದೆ. ಅವಳು ಹೆಣಿಗೆ ನಿಲ್ಲಿಸಲೂ ಇಲ್ಲ. "ನಂಗೆ ಆ ವರ್ಷಾನೇ ಗೊತ್ತಿತ್ತು. ನೀವಾಗೇ ಹೇಳ್ತೀರ ಅಂತ ಕಾದೆ" ಎಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿನ್ನ ವಿಷಯದಲ್ಲಾದರೂ ಹಾಗಾಗದಿರಲಿ. ಈ ಪತ್ರವನ್ನು ಸಾಲಿನವರಿಗೆಲ್ಲ ಓದಿ ಹೇಳು. ಮೇಸ್ತ್ರಿಗೆ ಬೇಕಾದರೆ ಕೊಡು. ನನಗೇನಾದರೂ ಆಗಲಿ. ಗುಬ್ಬಿಯ ಕ್ಲಿಪ್ ತೆಗೆಸು.

ಅಪ್ಪ


ಆಗಸ್ಟ್ 28

ಅಪ್ಪ,

ನಿನ್ನ ಪತ್ರ ಇನ್ನೂ ಬಂದಿಲ್ಲ. ಇನ್ನು ಬಂದರೂ ಅದು ಬೇಕಾಗಿದ್ದ ಕೆಲಸಕ್ಕೆ ಆಗುವುದಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಗುಬ್ಬಿಯ ಎಡಗೈ ಯಂತ್ರದೊಳಗೆ ಸಿಕ್ಕಿತು. ನಾನು ಪಕ್ಕದಲ್ಲೇ ಇದ್ದೆ. ಅವಳು ಕೂಗಿಕೊಳ್ಳಲಿಲ್ಲ. "ಅಯ್ಯೋ, ತಗಡು ಹಾಳಾಯ್ತು" ಎಂದಳು. ಆಮೇಲೆ ಕೈ ನೋಡಿಕೊಂಡಳು. ಹೆಬ್ಬೆರಳು ಬಿಟ್ಟು ಮಿಕ್ಕವು ಹೋಗಿವೆ. ನಾನು ನನ್ನ ಶಾಲು ಸುತ್ತಿ ಹಿಡಿದುಕೊಂಡು ಗಾಡಿಯಲ್ಲಿ ಜೊತೆಗೆ ಹೋದೆ. ಹೊರಡುವ ಮುಂಚೆ ತಿರುಗಿ ನೋಡಿದೆ. ದೊಡ್ಡಕ್ಕ ಗುಬ್ಬಿಯ ಯಂತ್ರದ ಗುಂಡಿಯಿಂದ ಕ್ಲಿಪ್ ಕಿತ್ತು ತನ್ನ ತಲೆಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅದು ನನ್ನ ಕ್ಲಿಪ್ಪು.

ಆ ಸಂಜೆ ಕೋಣೆಯಲ್ಲಿ ಐದು ಜನ ಕೂತೆವು. ಒಂದು ಮಂಚ ಖಾಲಿ. ಹೊರಗಿನಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬರುತ್ತಾರೆ, ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ ಎಂದು ಗೊತ್ತಾಗಿತ್ತು. ದೊಡ್ಡಕ್ಕ ಬಾಗಿಲು ಮುಚ್ಚಿ ಬಂದಳು. "ಎಲ್ರೂ ಒಂದೇ ಮಾತು ಹೇಳ್ಬೇಕು. ತೆಗೆಯೋಕೆ ಕೈ ಹಾಕಿದ್ಲು, ಮಿಷನ್ನು ತಾನಾಗೇ ಬಿತ್ತು. ಇವಳ ಅಪ್ಪಂಗೆ ಆದ ಹಾಗೇನೇ" ಎಂದು ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ನನ್ನನ್ನು ನೋಡಿದರು. ಅವರಿಗೆ ಸುಳ್ಳು ಹುಡುಕುವ ಶ್ರಮವೇ ಬೀಳಲಿಲ್ಲ. ಮೊದಲ ದಿನವೇ ನಾನು ತಂದುಕೊಟ್ಟಿದ್ದೆ.

ನಿನ್ನೆ ಆಸ್ಪತ್ರೆಗೆ ಹೋದೆ. ಗುಬ್ಬಿಯೂ ಅದನ್ನೇ ಹೇಳಿದಳು. "ತಾನಾಗೇ ಬಿತ್ತು ಅಂತ ಹೇಳೇ. ಕ್ಲಿಪ್ ಹಾಕಿದ್ದು ಗೊತ್ತಾದ್ರೆ ನನ್ನ ತಪ್ಪು ಅಂತ ಮನೆಗೆ ಕಳಿಸ್ತಾರೆ. ಮಿಷನ್ ತಪ್ಪಾದ್ರೆ ಕೂತು ಮಾಡೋ ಕೆಲಸ ಕೊಡ್ತಾರಂತೆ. ನಿಮ್ಮಪ್ಪಂಗೆ ಕೊಟ್ರಲ್ಲ."

ನಾನು ಅವಳ ಹೊದಿಕೆ ಸರಿಮಾಡಿ ಎದ್ದು ಬಂದೆ. ಅಧಿಕಾರಿ ಬರುವುದು ಸೆಪ್ಟೆಂಬರ್ ಮೂರಕ್ಕೆ. ನಿನಗೆ ಎಂಟು ಸಲ ಬೈದು ಬರೆದು ಎಂಟು ಸಲವೂ ಹರಿದು ಹಾಕಿದ್ದೇನೆ.

ನಿನ್ನ ಮಗಳು


ಸೆಪ್ಟೆಂಬರ್ 13

ಅಪ್ಪ,

ನಿನ್ನ ಪತ್ರ ಒಂದನೇ ತಾರೀಖು ಸಿಕ್ಕಿತು. ನಲ್ಲಿಯ ಹತ್ತಿರ ನಿಂತು ಓದಿದೆ. ನೀನು ಎಂಟು ದಿನ ಬರೆಯಲು ಕೂತು ಬರೆಯದೆ ಎದ್ದೆ ಎಂದಿದ್ದೀಯ. ಮೊದಲ ದಿನವೇ ಬರೆದಿದ್ದರೆ ಗುಬ್ಬಿಯ ಕೈ ಇರುತ್ತಿತ್ತು. ಇದನ್ನು ಬರೆಯಬಾರದು ಎಂದು ಹನ್ನೆರಡು ದಿನ ತಡೆದೆ, ಆಗುತ್ತಿಲ್ಲ. ನನ್ನದೂ ಅಷ್ಟೇ ತಪ್ಪಿದೆ. ನಾನು ಎರಡು ಕೈ ಇಟ್ಟಿದ್ದಷ್ಟು ದಿನ ಅವಳೂ ಇಟ್ಟಿದ್ದಳು.

ವಿಚಾರಣೆ ಆಯಿತು. ಆಫೀಸಿನ ಪಕ್ಕದ ಚಿಕ್ಕ ಕೋಣೆ, ಒಂದು ಮೇಜು, ಆಚೆ ಕಡೆ ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸು. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದರು. ನನಗಿಂತ ಮುಂಚೆ ನಾಲ್ಕು ಜನ ಹೋಗಿ ಬಂದಿದ್ದರು. ಆ ಹೆಂಗಸು ತಲೆ ಎತ್ತದೆ ಕೇಳಿದರು, "ನೀನೂ ಅದೇ ಹೇಳ್ತೀಯಾ, ತಾನಾಗೇ ಬಿತ್ತು ಅಂತ?" ಹೂಂ ಎನ್ನುವುದು ಎಷ್ಟು ಸುಲಭವಿತ್ತು ಎಂದು ನಿನಗೊಬ್ಬನಿಗೇ ಗೊತ್ತು. ನನ್ನ ತಲೆ ಅರ್ಧ ಆಡಿಯೂ ಬಿಟ್ಟಿತ್ತು.

ಇಲ್ಲ ಎಂದೆ. ಕ್ಲಿಪ್ಪಿನ ವಿಷಯ ಹೇಳಿದೆ. ಆರೂ ಜನ ಹಾಕುತ್ತಿದ್ದೆವು ಎಂದೆ, ಗುಬ್ಬಿಗೆ ಕ್ಲಿಪ್ ಕೊಟ್ಟವಳು ನಾನೇ ಎಂದೆ. ಶನಿವಾರದ ಮೂರು ಗಂಟೆ, ಬಾಗಿಲಿನ ಕೆಮ್ಮು, ಎಲ್ಲವನ್ನೂ ಹೇಳಿದೆ. ಕೆಮ್ಮಿನ ಮಾತು ಬಂದಾಗ ಮೇಸ್ತ್ರಿ ನೆಲ ನೋಡಿದರು. ನಿನ್ನ ಪತ್ರ ಜೇಬಿನಲ್ಲೇ ಇತ್ತು, ತೋರಿಸಲಿಲ್ಲ. ಅದು ನೀನು ಹೇಳಬೇಕಾದ ಮಾತು.

ಆದದ್ದು ಹೇಳುತ್ತೇನೆ. ಗುಬ್ಬಿಯನ್ನು ಮನೆಗೆ ಕಳಿಸಿದರು. ಅವಳೇ ಹೇಳಿದ ಹಾಗೆ, ಅವಳದೇ ತಪ್ಪು ಎಂದಾಯಿತು. ಕೂತು ಮಾಡುವ ಕೆಲಸ ಸಿಗಲಿಲ್ಲ. ಅವಳ ಅಮ್ಮ ಕರೆದುಕೊಂಡು ಹೋಗಲು ಬಂದಿದ್ದರು. ಗುಬ್ಬಿಯ ಬಟ್ಟೆಗಳನ್ನು ನಾನು ಮಡಿಸಿಟ್ಟಿದ್ದೆ. ಅವರು ಅದನ್ನೆಲ್ಲ ಬಿಡಿಸಿ, ನನ್ನ ಮುಂದೆಯೇ, ತಾವೇ ಮತ್ತೆ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಗುಬ್ಬಿ ನನ್ನನ್ನು ನೋಡಲಿಲ್ಲ. ನಾನು ಮಾಡಿದ್ದು ಸರಿಯೇ ಎಂದು ನೀನು ಬರೆಯಬೇಡ, ಅದು ನನಗೆ ಸಮಾಧಾನ ಕೊಡುವುದಿಲ್ಲ.

ದೊಡ್ಡಕ್ಕನನ್ನೂ ನನ್ನನ್ನೂ ಸೇರಿಸಿ ಐದು ಜನರ ಪರೀಕ್ಷೆಯನ್ನೂ ಆರು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಕೋಣೆಯಲ್ಲಿ ಯಾರೂ ನನ್ನ ಜೊತೆ ಮಾತಾಡುವುದಿಲ್ಲ. ಈ ಸಲ ನಲ್ಲಿಯ ಹತ್ತಿರವೂ ಯಾರೂ ಇಲ್ಲ.

ಮೊನ್ನೆ ಮಂಗಳವಾರ ಕರೆಂಟಿನ ಕೆಲಸದವನೊಬ್ಬ ಬಂದ. ಪ್ರತಿಯೊಂದು ಪ್ರೆಸ್ಸಿನ ಹಿಂದೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಕೂರಿಸಿ ಎರಡು ತಂತಿ ಬದಲಾಯಿಸಿದ. ಈಗ ಪ್ರತಿ ಸಲವೂ ಎರಡು ಗುಂಡಿಯೂ ಮೇಲೆದ್ದು, ಮತ್ತೆ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಬೀಳುತ್ತದೆ. ಕ್ಲಿಪ್ ತುರುಕಿದರೆ ಸುಮ್ಮನೆ ನಿಂತುಬಿಡುತ್ತದೆ. ದೊಡ್ಡಕ್ಕ ಎರಡು ಸಲ ತುರುಕಿ ನೋಡಿದಳು. ನಾನು ಅವನನ್ನು ಕೇಳಿದೆ, "ಇದು ಹೊಸದಾಗಿ ಬಂದಿರೋದಾ?"

"ಎಲ್ಲಿ ಹೊಸದು, ನಾನು ಕೆಲಸ ಕಲಿಯೋವಾಗಿಂದ ಇದೆ. ಇಲ್ಲಿ ಯಾರೂ ಬೇಕು ಅಂತ ಕೇಳಿರ್ಲಿಲ್ಲ, ಅಷ್ಟೆ" ಎಂದ. ಬೆಳಿಗ್ಗೆ ಶುರು ಮಾಡಿದವನು ಶೆಡ್ಡಿನ ಎರಡೂ ಸಾಲಿನ ಹನ್ನೆರಡು ಪ್ರೆಸ್ಸು ಮುಗಿಸಿ ಊಟದ ಗಂಟೆಗೆ ಕೈ ತೊಳೆದುಕೊಂಡ.

ನಿನ್ನ ಕಾರ್ಖಾನೆಯ ಪ್ರೆಸ್ಸುಗಳಿಗೆ ಆ ಡಬ್ಬಿ ಇದೆಯಾ ಅಪ್ಪ? ದಿನಾ ಬೆಳಿಗ್ಗೆ ಎಷ್ಟು ಜನ ಹುಡುಗರಿಗೆ ಗೇಟು ತೆಗೆಯುತ್ತೀಯ? ಇದಕ್ಕೆ ಉತ್ತರ ನನಗೆ ಬರೆಯಬೇಡ. ಕುರ್ಚಿಯಿಂದ ಎದ್ದು ಒಳಗೆ ಹೋಗಿ ಹೇಳು.

ನಿನ್ನ ಮಗಳು